ಮೊಂಟೆರಿಜಿಯೋನಿ ಬಗ್ಗೆನೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ಪ್ರವಾಸದ ಪುಟದಲ್ಲಿ ಇಟಲಿ ಅಂದ್ರೆ ಯಾವಾಗ್ಲೂ ರೋಮ್, ವೆನಿಸ್, ಪೀಸಾ ಗೋಪುರ ಇಷ್ಟೇ ಬರತ್ತೆ, ದಯವಿಟ್ಟು ಟಸ್ಕನಿಯ ಗುಡ್ಡದ ಮೇಲಿರೋ ಮೊಂಟೆರಿಜಿಯೋನಿ ಅನ್ನೋ ಪುಟ್ಟ ಕೋಟೆ ಊರಿನ ಬಗ್ಗೆನೂ ಒಂದು ಲೇಖನ ಹಾಕಿ. 13ನೇ ಶತಮಾನದ ಶುರುವಲ್ಲಿ ಸಿಯೆನಾ ನಗರದವರು ಫ್ಲಾರೆನ್ಸ್ ಸೈನ್ಯ ತಡಿಯೋಕೆ ಅಂತಾನೇ ಇದನ್ನ ಕಟ್ಟಿಸಿದ್ದು. ಸುತ್ತ ಸುಮಾರು 570 ಮೀಟರ್ ಗೋಡೆ, 14 ಬುರುಜು, ಎರಡೇ ಬಾಗಿಲು, ಒಂದು ರೋಮ್ ಕಡೆಗೆ ಇನ್ನೊಂದು ಫ್ಲಾರೆನ್ಸ್ ಕಡೆಗೆ. ಕವಿ ಡಾಂಟೆ ತನ್ನ ಕಾವ್ಯದಲ್ಲಿ ನರಕದ ದೈತ್ಯರನ್ನ ವರ್ಣಿಸುವಾಗ ಇದೇ ಬುರುಜುಗಳನ್ನ ನೆನಪಿಸ್ಕೋತಾನೆ, ಆ ಕಾಲದವರಿಗೆ ಇವು ಎಷ್ಟು ಭಯ ಹುಟ್ಟಿಸ್ತಿದ್ವು ಅಂತ ಅದ್ರಲ್ಲೇ ಗೊತ್ತಾಗತ್ತೆ.

ಆದ್ರೆ ನಂಗೆ ತುಂಬಾ ಕಾಡೋದು 1554ರ ಕಥೆ. ಕೋಟೆ ಕಾಯ್ತಿದ್ದ ಕ್ಯಾಪ್ಟನ್ ಜಿಯೋವಾನಿನೋ ಜೆಟಿ, ಫ್ಲಾರೆನ್ಸಿಂದ ಗಡಿಪಾರಾಗಿದ್ದವನು, ಕೋಟೆನ ಫ್ಲಾರೆನ್ಸ್ ಆಳ್ತಿದ್ದ ಮೆಡಿಚಿ ಮನೆತನದ ಕಡೆಯವರಿಗೇ ಒಪ್ಪಿಸಿಬಿಟ್ಟ, ಮುಂದಿನ ವರ್ಷ ಸಿಯೆನಾನೂ ಶರಣಾಯ್ತು. ಇಂಥ ಗಟ್ಟಿ ಗೋಡೆ ಇದ್ದೂ ಒಳಗಿನವನಿಂದಲೇ ಹೋಯ್ತಲ್ಲ ಅಂತ ಈಗ್ಲೂ ಸಂಕಟ ಆಗತ್ತೆ.

ಒಳಗೆ ಒಂದು ಚೌಕ, ಸಾಂತಾ ಮರಿಯಾ ಅಸ್ಸುಂತಾ ಅನ್ನೋ ಕಲ್ಲಿನ ಚರ್ಚು, ಕೆಲವು ಕಡೆ ಗೋಡೆ ಮೇಲೆ ಹತ್ತಿ ನಡೀಬಹುದು, ಕೆಳಗೆಲ್ಲ ದ್ರಾಕ್ಷಿ ತೋಟ, ಆಲಿವ್ ಮರ. ರೋಮ್‌ಗೆ ನಡ್ಕೊಂಡು ಹೋಗೋ ಯಾತ್ರಿಕರ ಹಳೇ ದಾರಿ ವಿಯಾ ಫ್ರಾಂಚಿಜೆನಾ ಈ ಊರಿನ ಮೂಲಕಾನೇ ಹೋಗತ್ತೆ. ಲೇಖನದ ಜೊತೆ ಇಡೀ ಗೋಡೆ ಕಾಣೋ ಥರ ಮೇಲಿಂದ ತೆಗ್ದ ಫೋಟೋನೂ ಹಾಕಿದ್ರೆ ತುಂಬಾ ಒಳ್ಳೇದು.

ಇಂತಿ ನಿಮ್ಮ ಓದುಗ