ಫೋನಿನ ಆ ಕಡೆ ಇದ್ದವರಿಗೆ

ತಿಂಗಳ ಕೊನೆ. ಸಂಬಳದ ಪಟ್ಟಿ ಬೆಂಗಳೂರಿನ ಆಫೀಸಿನ ಸರ್ವರಿನಲ್ಲಿ, ನಾನು ಶಿವಮೊಗ್ಗದ ಮನೆಯಲ್ಲಿ. ಮನೆಯ ಲ್ಯಾಪ್‌ಟಾಪನ್ನು ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಕನೆಕ್ಟ್ ಆಗಿದೆ ಅಂತ ತೋರಿಸುತ್ತಿತ್ತು, ಶೇರ್ಡ್ ಫೋಲ್ಡರ್ ಮಾತ್ರ ತೆರೆಯುತ್ತಿರಲಿಲ್ಲ.

ಐಟಿ ಸಹಾಯವಾಣಿಗೆ ಫೋನ್ ಮಾಡಿದೆ. ಸುಮ್ನೆ "ರೀಸ್ಟಾರ್ಟ್ ಮಾಡಿ" ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದೇ ಬೇರೆ. "ಮೇಡಂ, ಮನೆ ರೂಟರಿನ ಕೆಳಗೆ ಅಂಟಿಸಿರೋ ಚೀಟಿಯಲ್ಲಿ ಅದರ ವಿಳಾಸ ಓದ್ತೀರಾ?" 192.168.1.1 ಅಂದೆ. "ಅಲ್ಲೇ ಇದೆ ನೋಡಿ!" ಆಫೀಸಿನ ನೆಟ್‌ವರ್ಕೂ 192.168.1 ಸಾಲಿನದೇ. ಹಾಗಾಗಿ ಲ್ಯಾಪ್‌ಟಾಪು ಆಫೀಸಿನ ಸರ್ವರನ್ನು ನಮ್ಮ ಮನೆಯೊಳಗೇ ಹುಡುಕುತ್ತಿತ್ತು. ಒಂದೇ ಹೆಸರಿನ ಎರಡು ಬೀದಿ ಇದ್ದರೆ ಪೋಸ್ಟ್‌ಮ್ಯಾನ್ ಏನು ಮಾಡಬೇಕು, ಅಲ್ವಾ?

ರೂಟರಿನ ವಿಳಾಸವನ್ನು 192.168.50.1 ಮಾಡಿಸಿದರು. ಅದಕ್ಕೂ ಮೊದಲು ಹಳೆಯದನ್ನು ಬರೆದಿಟ್ಟುಕೊಳ್ಳಲು ಹೇಳಿದರು. ಒಂದೊಂದು ಅಂಕಿಯನ್ನೂ ನನ್ನ ಬಾಯಿಂದಲೇ ಓದಿಸಿದರು. ವೈಫೈ ಹೋಗಿ ಮತ್ತೆ ಬರುವವರೆಗೂ ಫೋನ್ ಇಡಲಿಲ್ಲ. ಟಿವಿ ನಿಂತುಹೋಯ್ತು ಅಂತ ಒಳಗಿಂದ ಅತ್ತೆ ಕೂಗಿದ್ದು ಅವರಿಗೂ ಕೇಳಿಸಿತು. "ಅಮ್ಮನಿಗೆ ಎರಡೇ ನಿಮಿಷ ಅಂತ ಹೇಳಿ" ಎಂದು ನಕ್ಕರು.

ಫೋಲ್ಡರ್ ತೆರೆಯಿತು. ಹೋದ ಜೀವ ಬಂದಂತಾಯಿತು. ಒಂದು ಫೈಲ್ ಸೇವ್ ಮಾಡಿಸಿ ನೋಡಿಯೇ ಅವರು ಬಿಟ್ಟಿದ್ದು. ಹೆಸರು ಕೇಳುವಷ್ಟರಲ್ಲಿ ಅವರಿಗೆ ಇನ್ನೊಂದು ಕರೆ ಬಂದಿತ್ತು. ಪಟ್ಟಿ ಅವತ್ತು ರಾತ್ರಿಯೇ ಬ್ಯಾಂಕಿಗೆ ಹೋಯಿತು ಸರ್. ತುಂಬಾ ಥ್ಯಾಂಕ್ಸ್.