ಬರ್ಕಿಟ್ ತೂಗಿ ನೋಡಿದ್ದು

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿಮ್ಮಮ್ಮ ಫೋನಿನಲ್ಲಿ ಎಲ್ಲಾ ಹೇಳಿದಳು. ಕರುಳಿನ ಬ್ಯಾಕ್ಟೀರಿಯಾ ಬಗ್ಗೆ ಪಿಎಚ್‌ಡಿ ಅಂತ ಆಸೆಯಿಂದ ಸೇರಿದೆ. ಈಗ ಗೈಡ್ ಕೊಟ್ಟಿರುವುದು ಮಲದ ಸ್ಯಾಂಪಲ್ ತೂಗಿ, ಚೀಟಿ ಅಂಟಿಸಿ, ಫ್ರೀಜರ್‌ನಲ್ಲಿಡುವ ಕೆಲಸ. ಮಿಕ್ಕ ಹೊತ್ತು ಜನರ ಎದುರು ಕೂತು, ನಿನ್ನೆ ಏನೇನು ತಿಂದಿರಿ ಅಂತ ಕೇಳಿ ಫಾರಂ ತುಂಬಿಸುವುದು. ಜೊತೆಯವರೆಲ್ಲ ದೊಡ್ಡ ದೊಡ್ಡ ಮೆಷಿನ್ ಮುಂದೆ ಕೂತಿದ್ದಾರೆ, ನೆಂಟರು ಕೇಳಿದರೆ ಹೇಳಿಕೊಳ್ಳಲೂ ಮುಜುಗರ, ವಿಷಯ ಬದಲಾಯಿಸಿಬಿಡುತ್ತೇನೆ ಅಂದೆಯಂತೆ. ಅವಸರ ಮಾಡಬೇಡ. ಡೆನಿಸ್ ಬರ್ಕಿಟ್ ಅವರ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ, ಓದಿ ಆಮೇಲೆ ಯೋಚನೆ ಮಾಡು.

ಬರ್ಕಿಟ್ 1911ರಲ್ಲಿ ಐರ್ಲೆಂಡಿನ ಎನ್ನಿಸ್‌ಕಿಲೆನ್‌ನಲ್ಲಿ ಹುಟ್ಟಿದವರು. ಹನ್ನೊಂದನೇ ವಯಸ್ಸಿಗೆ ಒಂದು ಕಣ್ಣು ಹೋಯಿತು. ಇಂಜಿನಿಯರಿಂಗ್ ಓದಲು ಹೋಗಿ, ಅದನ್ನು ಬಿಟ್ಟು ವೈದ್ಯರಾದರು. ಆಫ್ರಿಕಾದಲ್ಲಿ ಸರ್ಕಾರಿ ವೈದ್ಯನಾಗಬೇಕೆಂದು ಅರ್ಜಿ ಹಾಕಿದರೆ, ಒಕ್ಕಣ್ಣಿನವರು ಬೇಡ ಅಂದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅಂತೂ ಉಗಾಂಡ ಸೇರಿದರು. ಕಂಪಾಲದ ಮುಲಾಗೊ ಆಸ್ಪತ್ರೆಯಲ್ಲಿ ಸರ್ಜನ್ ಆದರು.

1957ರಲ್ಲಿ ದವಡೆಯ ನಾಲ್ಕೂ ಮೂಲೆ ಊದಿಕೊಂಡ ಒಬ್ಬ ಹುಡುಗನನ್ನು ಅವರಿಗೆ ತೋರಿಸಿದರು. ಏನೆಂದು ತಿಳಿಯಲಿಲ್ಲ. ಕೆಲವು ವಾರ ಕಳೆದು ಜಿಂಜಾ ಊರಿನ ಆಸ್ಪತ್ರೆಗೆ ಹೋಗಿದ್ದಾಗ ಕಿಟಕಿಯಾಚೆ ಕಣ್ಣು ಹಾಯಿಸಿದರೆ, ತಾಯಿಯ ಜೊತೆ ಇನ್ನೊಂದು ಮಗು, ಅದೇ ಥರದ ಮುಖ! ತಕ್ಷಣ ಹೊರಗೆ ಹೋಗಿ ಆ ಮಗುವನ್ನು ಪರೀಕ್ಷೆ ಮಾಡಿದರು. ಹೊಟ್ಟೆಯಲ್ಲೂ ಗಡ್ಡೆಗಳಿದ್ದವು. ಇವತ್ತು ಬರ್ಕಿಟ್ ಲಿಂಫೋಮಾ ಅಂತ ನಿನ್ನ ಪುಸ್ತಕದಲ್ಲಿರುವ ಕ್ಯಾನ್ಸರ್ ಅದೇ.

ನನಗೆ ಹಿಡಿಸಿದ್ದು ಆಮೇಲಿನ ಕಥೆ. ಈ ಕಾಯಿಲೆ ಎಲ್ಲಿದೆ ಅನ್ನುವಷ್ಟೇ ಮುಖ್ಯ, ಎಲ್ಲಿ ಇಲ್ಲ ಅನ್ನುವುದೂ ಅಂತ ಅವರಿಗೆ ಹೊಳೆಯಿತು. ಆಫ್ರಿಕಾದ ಆಸ್ಪತ್ರೆಗಳಿಗೆಲ್ಲ ಫೋಟೋ ಸಮೇತ ಪ್ರಶ್ನೆಗಳ ಚೀಟಿ ಕಳಿಸಿದರು. ಉತ್ತರ ಬಂದ ಹಾಗೆಲ್ಲ ನಕ್ಷೆಯಲ್ಲಿ ಗುರುತು ಹಾಕಿದರು. 1961ರಲ್ಲಿ ಇಬ್ಬರು ಗೆಳೆಯರ ಜೊತೆ ಹಳೇ ಫೋರ್ಡ್ ಗಾಡಿಯಲ್ಲಿ ಹೊರಟು ಹತ್ತು ಸಾವಿರ ಮೈಲಿ ಸುತ್ತಿದರು. ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ, ಇಂಥ ಮಕ್ಕಳನ್ನು ನೋಡಿದ್ದೀರಾ ಅಂತ ಕೇಳುತ್ತಾ ಹೋದದ್ದೇ ಆ ಪ್ರಯಾಣದ ಕೆಲಸ. ಸೆಕೆ ಮತ್ತು ಮಳೆ ಎರಡೂ ಜಾಸ್ತಿ ಇರುವ ಕಡೆ ಮಾತ್ರ ಕಾಯಿಲೆ ಇತ್ತು. ಅದೇ ವರ್ಷ ಲಂಡನ್ನಿನಲ್ಲಿ ಅವರ ಭಾಷಣ ಕೇಳಿದ ಆಂಟನಿ ಎಪ್‌ಸ್ಟೈನ್ ಅನ್ನುವ ಸಂಶೋಧಕರು, ಆ ಗಡ್ಡೆಗಳಲ್ಲಿ ವೈರಸ್ ಹುಡುಕಲು ಶುರುಮಾಡಿದರು. 1964ರಲ್ಲಿ ಸಿಕ್ಕಿತು. ಮನುಷ್ಯರ ಕ್ಯಾನ್ಸರಿಗೆ ನಂಟಿರುವ ವೈರಸ್ ಸಿಕ್ಕಿದ್ದು ಅದೇ ಮೊದಲು.

ಬರ್ಕಿಟ್ ಕರುಳಿನ ವಿಷಯಕ್ಕೆ ಬಂದದ್ದು ಇಷ್ಟೆಲ್ಲ ಹೆಸರಾದ ಮೇಲೆ. 1966ರಲ್ಲಿ ಇಂಗ್ಲೆಂಡಿಗೆ ವಾಪಸಾದರು. ಪೀಟರ್ ಕ್ಲೀವ್ ಅನ್ನುವ ನೌಕಾಪಡೆಯ ವೈದ್ಯರ ಪರಿಚಯವಾಯಿತು. ಸಕ್ಕರೆ, ಬಿಳಿ ಹಿಟ್ಟು ಜಾಸ್ತಿಯಾಗಿದ್ದೇ ಅನೇಕ ರೋಗಗಳಿಗೆ ಮೂಲ ಅನ್ನುವುದು ಕ್ಲೀವ್ ವಾದ. ಬರ್ಕಿಟ್‌ಗೆ ಮುಲಾಗೊ ನೆನಪಾಯಿತು. ಇಂಗ್ಲೆಂಡಿನ ಸರ್ಜನ್ನರ ಕೈತುಂಬ ಅಪೆಂಡಿಸೈಟಿಸ್, ಪಿತ್ತಕೋಶದ ಕಲ್ಲು, ದೊಡ್ಡ ಕರುಳಿನ ಕ್ಯಾನ್ಸರ್. ಉಗಾಂಡದಲ್ಲಿ ಇವನ್ನು ಅವರು ಕಂಡದ್ದೇ ಅಪರೂಪ. ಮತ್ತೆ ಪ್ರಶ್ನೆಪತ್ರ, ಮತ್ತೆ ಆಸ್ಪತ್ರೆಗಳಿಗೆ ಅಂಚೆ. ಹಳ್ಳಿಯವರ ಊಟದಲ್ಲಿ ನಾರು ಜಾಸ್ತಿ, ಬ್ರಿಟಿಷರ ಊಟದಲ್ಲಿ ಕಡಿಮೆ, ವ್ಯತ್ಯಾಸ ಅಲ್ಲಿರಬೇಕು ಅನ್ನಿಸಿತು.

ಅನ್ನಿಸಿದರೆ ಸಾಲದಲ್ಲ, ಅಳೆಯಬೇಕು. ಎಕ್ಸ್‌ರೇಯಲ್ಲಿ ಕಾಣುವಂಥ ಪುಟ್ಟ ಗುಳಿಗೆಗಳನ್ನು ಜನರಿಗೆ ನುಂಗಿಸಿದರು. ಪ್ರತಿ ಸಲದ ಮಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು, ಸಮಯ ಬರೆದು, ತೂಗಿ, ಚೀಲ ಸಮೇತ ಎಕ್ಸ್‌ರೇ ತೆಗೆದು ಗುಳಿಗೆ ಎಣಿಸಿದರು. ಈ ಫಲಿತಾಂಶ 1972ರ ಡಿಸೆಂಬರಿನಲ್ಲಿ ‘ಲ್ಯಾನ್ಸೆಟ್’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಉಗಾಂಡದ ಹಳ್ಳಿಗರ ಮಲ ದಿನಕ್ಕೆ ಸುಮಾರು 470 ಗ್ರಾಂ, ಬ್ರಿಟಿಷ್ ನಾವಿಕರದು ನೂರು ಗ್ರಾಂ ಚಿಲ್ಲರೆ. ಹಳ್ಳಿಗರಿಗೆ ತಿಂದದ್ದು ಹೊರಬರಲು ಒಂದೂವರೆ ದಿನ ಸಾಕು, ನಾವಿಕರಿಗೆ ಮೂರು ದಿನಕ್ಕೂ ಜಾಸ್ತಿ. ಅದೇ ವರ್ಷ ಬ್ರಿಟನ್ನಿನ ವಿಜ್ಞಾನಿಗಳ ದೊಡ್ಡ ಸಂಸ್ಥೆಯಾದ ರಾಯಲ್ ಸೊಸೈಟಿಯ ಫೆಲೋ ಆದವರು ಅವರು, ಪುಟ್ಟಿ. ಭಾಷಣಕ್ಕೆ ನಿಂತರೆ ಮಲದ ಸ್ಲೈಡುಗಳನ್ನೇ ತೋರಿಸುತ್ತಿದ್ದರು. ಸಂಕೋಚ ಅನ್ನುವುದು ಅವರ ಹತ್ತಿರ ಸುಳಿಯಲಿಲ್ಲ. ನಿನಗ್ಯಾಕೆ ಮುಜುಗರ? ನೆಂಟರು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳು.

ಇನ್ನೊಂದು ಮಾತು ಹೇಳದಿದ್ದರೆ ಈ ಪತ್ರ ಅರ್ಧವೇ. ಬರ್ಕಿಟ್ ತಾವು ಕಂಡದ್ದಕ್ಕಿಂತ ದೊಡ್ಡ ಮಾತು ಆಡಿದರು. ಮೂಲವ್ಯಾಧಿ, ಉಬ್ಬಿದ ರಕ್ತನಾಳ, ಹೃದಯದ ಕಾಯಿಲೆ, ಹೀಗೆ ಎಲ್ಲದಕ್ಕೂ ನಾರಿನ ಕೊರತೆಯೇ ದಾರಿ ಎಂದು ನಂಬಿದರು. ಎರಡು ದೇಶದ ಜನರನ್ನು ಹೋಲಿಸುವಾಗ ಊಟ ಒಂದೇ ಬೇರೆಯಿರುವುದಿಲ್ಲ. ವಯಸ್ಸು, ದುಡಿಮೆ, ಸೋಂಕು, ಆಸ್ಪತ್ರೆಗೆ ಬರುವ ಅಭ್ಯಾಸ ಎಲ್ಲವೂ ಬೇರೆ. 2000ದಲ್ಲಿ ಅಮೆರಿಕದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು. ಕರುಳಿನ ಪಾಲಿಪ್, ಅಂದರೆ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು, ತೆಗೆಸಿಕೊಂಡವರಿಗೆ ಒಂದರಲ್ಲಿ ಕೊಬ್ಬು ಕಡಿಮೆ, ನಾರು ಜಾಸ್ತಿ ಇರುವ ಊಟ, ಇನ್ನೊಂದರಲ್ಲಿ ಗೋಧಿ ತೌಡು. ಪಾಲಿಪ್ ಮರಳಿ ಬರುವುದು ಅದರಿಂದ ಕಡಿಮೆಯಾಗಲಿಲ್ಲ. ಆಮೇಲೆ ಯುರೋಪಿನ ದೊಡ್ಡ ಸಮೀಕ್ಷೆಯಲ್ಲಿ ನಾರು ಜಾಸ್ತಿ ತಿನ್ನುವವರಿಗೆ ಕರುಳಿನ ಕ್ಯಾನ್ಸರ್ ಕಡಿಮೆ ಅಂತಲೂ ಕಂಡಿತು. ಒಂದೇ ವಾಕ್ಯದಲ್ಲಿ ಮುಗಿಯುವ ಉತ್ತರ ಅಲ್ಲ ಇದು.

ನಾರು ಮಲವನ್ನು ಹಿಗ್ಗಿಸಿ ಬೇಗ ದಾಟಿಸುತ್ತದೆ ಅನ್ನುವುದರ ಮೇಲೇ ಬರ್ಕಿಟ್ ಅವರ ಗಮನ ಹೆಚ್ಚಿತ್ತು. ಆ ನಾರನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಬ್ಯುಟಿರೇಟ್ ಅನ್ನುವ ರಾಸಾಯನಿಕ ತಯಾರಿಸುತ್ತವೆ, ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಆಹಾರ ಅನ್ನುವುದು ಗಟ್ಟಿಯಾಗಿ ತಿಳಿದದ್ದು ಅವರ ಪ್ರಬಂಧ ಬಂದ ಎಷ್ಟೋ ವರ್ಷದ ಮೇಲೆ. 2015ರಲ್ಲಿ ಬಂದ ಒಂದು ಪ್ರಯೋಗ ನಿನಗೆ ಗೊತ್ತಿರಬೇಕು. ಅಮೆರಿಕದ ಇಪ್ಪತ್ತು ಆಫ್ರಿಕನ್ ಅಮೆರಿಕನ್ನರು, ದಕ್ಷಿಣ ಆಫ್ರಿಕಾದ ಹಳ್ಳಿಯ ಇಪ್ಪತ್ತು ಜನ, ಎರಡು ವಾರ ಊಟ ಅದಲುಬದಲು. ಅಮೆರಿಕದವರ ನಾರು ದಿನಕ್ಕೆ 14 ಗ್ರಾಂನಿಂದ 55ಕ್ಕೆ ಏರಿತು, ಬ್ಯುಟಿರೇಟ್ ಎರಡೂವರೆ ಪಟ್ಟಾಯಿತು. ಹಳ್ಳಿಯವರ ನಾರು 66ರಿಂದ 12ಕ್ಕೆ ಇಳಿಯಿತು, ಅವರ ಬ್ಯುಟಿರೇಟ್ ಅರ್ಧಕ್ಕೆ ಬಿತ್ತು. ಬರೀ ಎರಡೇ ವಾರದಲ್ಲಿ! ಯಾರು ಏನು ತಿಂದರು ಅನ್ನುವುದನ್ನು ಅಷ್ಟು ಬಿಗಿಯಾಗಿ ಹಿಡಿಯದಿದ್ದರೆ ಈ ಅಂಕಿಗಳಿಗೆ ಬೆಲೆಯೇ ಇರುತ್ತಿರಲಿಲ್ಲ.

ಅದಕ್ಕೇ ಹೇಳುವುದು, ನಿನ್ನ ಫಾರಂ ಸಣ್ಣದಲ್ಲ. ಮೆಷಿನ್ ಬ್ಯಾಕ್ಟೀರಿಯಾದ ಹೆಸರು ಹೇಳುತ್ತದೆ, ಆ ಮನುಷ್ಯ ಏನು ತಿಂದ ಅಂತ ನೀನೇ ಕೇಳಬೇಕು. ತರಕಾರಿ ತಿಂದೆ ಅಂದರೆ ಯಾವುದು, ಎಷ್ಟು, ಸಿಪ್ಪೆ ಸಮೇತವೋ ಅಲ್ಲವೋ ಕೇಳು. ಹೋದ ಮೂರು ತಿಂಗಳಲ್ಲಿ ಆಂಟಿಬಯೋಟಿಕ್ ತೆಗೆದುಕೊಂಡಿದ್ದರಾ ಅನ್ನುವುದನ್ನು ಮರೆಯಬೇಡ. ಸ್ಯಾಂಪಲ್ ಕೊಟ್ಟ ಹೊತ್ತು, ಫ್ರೀಜರ್‌ಗೆ ಹೋದ ಹೊತ್ತು ಎರಡನ್ನೂ ಬರೆ. ನಾಳೆ ಫಲಿತಾಂಶ ಬಂದಾಗ, ನಿನ್ನ ಎದುರು ಕೂತಿದ್ದವರ ಬಗ್ಗೆ ತಿಳಿದಷ್ಟನ್ನೇ ಹೇಳು, ಲೋಕದ ಹೊಟ್ಟೆಗೆಲ್ಲ ಅನ್ವಯಿಸಬೇಡ. ಕರುಳಿಗೆ ಯಾವ ಮಾತ್ರೆ ಒಳ್ಳೆಯದು ಅಂತ ಕೇಳುವವರು ಸಿಕ್ಕೇ ಸಿಗುತ್ತಾರೆ. ಆಗಲೂ ಅಷ್ಟೇ.

ಗೈಡ್ ಒಪ್ಪಿದರೆ ಆ ಪ್ರಶ್ನೆಗಳ ಖಾಲಿ ಪ್ರತಿಯೊಂದನ್ನು ನನಗೆ ಕಳಿಸು. ನಿನ್ನ ದೊಡ್ಡಮ್ಮ, ನಾನು ಇಬ್ಬರೂ ಕೂತು ತುಂಬಿಸಿ ನೋಡುತ್ತೇವೆ. ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ಅಂದಾಜಿಗೆ ಬರೆದೆವು ಅಂತ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ