ಶೀತದ ಸಿರಪ್: ಎಚ್ಚರಿಕೆ ಕನ್ನಡದಲ್ಲಿರಲಿ

ಮಾನ್ಯ ಸಂಪಾದಕರೇ,

ನಿದ್ದೆ ಬರಿಸುವ ಶೀತದ ಸಿರಪ್‌ಗಳನ್ನು ಡಾಕ್ಟರ ಚೀಟಿ ಇಲ್ಲದೆ ಪುಟ್ಟ ಮಕ್ಕಳಿಗೆ ಕುಡಿಸುವುದು ನಿಲ್ಲಬೇಕು. ‘ಮಗು ಚೆನ್ನಾಗಿ ಮಲಗುತ್ತೆ’ ಎಂದು ಖುಷಿಪಡುತ್ತೇವೆ. ಆದರೆ ಆ ನಿದ್ದೆ ಬರುವುದು, ಔಷಧ ಮಿದುಳನ್ನು ಹೊಕ್ಕು ಅಲ್ಲಿನ ಹಿಸ್ಟಮಿನ್ ಎಂಬ ರಾಸಾಯನಿಕದ ಕೆಲಸ ತಡೆಯುವುದರಿಂದ. ನಮ್ಮನ್ನು ಎಚ್ಚರವಾಗಿಡುವ ಈ ಹಿಸ್ಟಮಿನ್ ಫಿಟ್ಸ್ ತಡೆಯಲೂ ನೆರವಾಗುತ್ತದೆ ಎನ್ನುತ್ತವೆ ಪ್ರಾಣಿಗಳ ಮೇಲಿನ ಪ್ರಯೋಗಗಳು. 2024ರಲ್ಲಿ ಪ್ರಕಟವಾದ ದಕ್ಷಿಣ ಕೊರಿಯಾದ ಅಧ್ಯಯನದಲ್ಲಿ, ಇಂಥ ಹಳೆ ತಲೆಮಾರಿನ ಔಷಧ ಪಡೆದಾಗ ಮಕ್ಕಳಲ್ಲಿ ಫಿಟ್ಸ್ ಸಾಧ್ಯತೆ ಶೇ 22ರಷ್ಟು ಜಾಸ್ತಿ ಕಂಡಿತ್ತು. 6ರಿಂದ 24 ತಿಂಗಳ ಕೂಸುಗಳಲ್ಲಿ ಈ ನಂಟು ಇನ್ನೂ ಸ್ಪಷ್ಟವಾಗಿತ್ತು. ಔಷಧವೇ ಕಾರಣ ಎಂದು ಇಷ್ಟರಿಂದಲೇ ಸಾಬೀತಾಗದು, ನಿಜ. ಹಾಗಂತ ಸುಮ್ನೆ ಇರಲಾಗದು, ಅಲ್ವಾ?

ಇಂಥ ಶೀತದ ಸಿರಪ್‌ಗಳಲ್ಲಿರುವ ಕ್ಲೋರ್‌ಫೆನಿರಮೈನ್ (ನಿದ್ದೆ ಬರಿಸುವ ಔಷಧ)–ಫಿನೈಲೆಫ್ರಿನ್ (ಕಟ್ಟಿದ ಮೂಗು ಬಿಡಿಸುವ ಔಷಧ) ಮಿಶ್ರಣವನ್ನು 4 ವರ್ಷದೊಳಗಿನವರಿಗೆ ಕೊಡಬಾರದೆಂದು ಲೇಬಲ್ ಮೇಲೆ ಮುದ್ರಿಸುವಂತೆ 2023ರ ಡಿಸೆಂಬರ್‌ನಲ್ಲೇ ಕೇಂದ್ರದ ಔಷಧ ನಿಯಂತ್ರಕರು ಸೂಚಿಸಿದ್ದರು. ಮೊನ್ನೆ ಮೊಮ್ಮಗನಿಗೆ ತಂದ ಬಾಟಲಿಯಲ್ಲಿ ಆ ಸಾಲು ಇತ್ತು. ಇಂಗ್ಲಿಷಿನಲ್ಲಿ, ಇರುವೆ ಹರಿದಂತೆ. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಬೇಕಾಯಿತು!

ಈ ಎಚ್ಚರಿಕೆಯನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಮುದ್ರಿಸಬೇಕು. ಮಗುವಿನ ವಯಸ್ಸೆಷ್ಟು, ಹಿಂದೆ ಫಿಟ್ಸ್ ಬಂದಿತ್ತೇ ಎಂದು ಕೇಳಿದ ಮೇಲೆಯೇ ಔಷಧ ಅಂಗಡಿಯವರು ಬಾಟಲಿ ಕೈಗಿಡಲಿ.

– ಓದುಗ, ತುಮಕೂರು